ನಿಂಬೆಹಣ್ಣಿನಷ್ಟು ಪಾಸಮ್, ಕೋಟಿಗಟ್ಟಲೆ ಪತಂಗ: ಎಣಿಕೆ ತಪ್ಪಿದ್ದೆಲ್ಲಿ?

ಕಡಲೆ ಬಿತ್ತಿ ಹದಿನೈದು ದಿನ ಆಗಿತ್ತು. ವಿಜಯಪುರದ ಹತ್ತಿರ, ಡೋಣಿ ಸಾಲಿನ ಎರೆ ಹೊಲ. ಬೆಳಗ್ಗೆ ಏಳರ ಹೊತ್ತಿಗೆ ಕಾಕಾನ ಹಿಂದೆ ಸಾಲು ಹಿಡಿದು ನಡೆಯುತ್ತಿದ್ದೆ. ಅಲ್ಲಲ್ಲಿ ಸಸಿಗಳು ಅಡ್ಡ ಬಿದ್ದಿದ್ದವು. ತಿಂದು ಬಿಟ್ಟ ಹಾಗೆ ಇರಲಿಲ್ಲ, ಬುಡಕ್ಕೆ ಕತ್ತರಿ ಹಾಕಿ ಮಲಗಿಸಿದ ಹಾಗಿತ್ತು. ಎಲೆ ಇನ್ನೂ ಬಾಡಿರಲಿಲ್ಲ. ಅಂದರೆ ರಾತ್ರಿ ನಡೆದ ಕೆಲಸ. ಕಾಕಾ ಕುಕ್ಕರಗಾಲಲ್ಲಿ ಕೂತು ಬುಡದ ಮಣ್ಣನ್ನು ಎರಡು ಬೆರಳಿಂದ ಕೆದರಿದರು. ಒಂದಿಂಚು ಕೆಳಗೆ ಸಿಕ್ಕಿತು. ಬೂದಿಗಪ್ಪು ಬಣ್ಣ, ಎಣ್ಣೆ ಸವರಿದ ಹಾಗೆ ಮಿಂಚುವ ಮೈ. ಮುಟ್ಟಿದ ಕೂಡಲೇ ಸುರುಳಿ ಸುತ್ತಿಕೊಂಡು ಸತ್ತ ಹಾಗೆ ಬಿದ್ದುಕೊಂಡಿತು.

“ಹಗಲೆಲ್ಲ ಮಣ್ಣಾಗ ಮಕ್ಕೊಂಡಿರ್ತದ ತಮ್ಮಾ. ರಾತ್ರಿ ಎದ್ದು ಬರ್ತದ,” ಅಂದರು. ಚಪ್ಪಲಿಯಲ್ಲಿ ಒರೆಸಿ ಮುಂದಿನ ಸಸಿಗೆ ಹೋದರು.

ಇದು ಕಾಂಡ ಕತ್ತರಿಸುವ ಹುಳು. ದೊಡ್ಡದಾದ ಮೇಲೆ ಕಂದು ಬಣ್ಣದ ಸಾಧಾರಣ ಪತಂಗ ಆಗುತ್ತದೆ. ವಿಜ್ಞಾನದವರು ಇದರ ಕುಲಕ್ಕೆ ಅಗ್ರೋಟಿಸ್ ಅನ್ನುತ್ತಾರೆ. ಇದೇ ಕುಲದ ಒಬ್ಬ ದಾಯಾದಿ ಆಸ್ಟ್ರೇಲಿಯದಲ್ಲಿದೆ, ಹೆಸರು ಬೋಗೋಂಗ್ ಪತಂಗ. ಅಲ್ಲೂ ಅದು ಹೊಲದ ಕೀಡೆಯೇ, ಅಲ್ಲೂ ರೈತರು ಚಪ್ಪಲಿಯಲ್ಲಿ ಒರೆಸುವವರೇ. ಆದರೆ ಆ ಕೀಡೆ ಕಡಿಮೆಯಾದಾಗ ಸಾವಿರ ಕಿಲೋಮೀಟರ್ ದೂರದ ಹಿಮದ ಬೆಟ್ಟದಲ್ಲಿ ಒಂದು ಪುಟ್ಟ ಪ್ರಾಣಿಯ ಮರಿಗಳು ತಾಯಿಯ ಹೊಟ್ಟೆಚೀಲದಲ್ಲೇ ಸತ್ತವು. ಆ ಪ್ರಾಣಿಯ ಹೆಸರು ಮೌಂಟನ್ ಪಿಗ್ಮಿ ಪಾಸಮ್.

ಇವೆರಡನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಮೇಲ್ನೋಟಕ್ಕೆ ತಮಾಷೆ ಅನ್ನಿಸುತ್ತದೆ. ಒಂದಕ್ಕೆ ಆರು ಕಾಲು, ಒಂದಕ್ಕೆ ನಾಲ್ಕು. ಒಂದು ಮೊಟ್ಟೆ ಇಡುತ್ತದೆ, ಇನ್ನೊಂದು ಹಾಲು ಕೊಡುತ್ತದೆ. ಹೀಗೆ ಪಟ್ಟಿ ಮಾಡುತ್ತಾ ಹೋದರೆ ಶಾಲೆಯ ವಿಜ್ಞಾನದ ಚಾರ್ಟ್ ಆಗುತ್ತದೆ, ಅಷ್ಟೇ. ಹೋಲಿಸಬೇಕಾದ್ದು ಎಣಿಕೆಯನ್ನು. ಪಾಸಮ್‌ಗಳು ಇರುವುದೇ ಸುಮಾರು 2,000. ಪತಂಗಗಳು ಒಳ್ಳೆಯ ವರ್ಷಗಳಲ್ಲಿ 200ರಿಂದ 400 ಕೋಟಿ ಇದ್ದವು ಅಂತ ಅಂದಾಜು. 2017ರ ಆಸುಪಾಸಿನಲ್ಲಿ ಕುಸಿದದ್ದು ಕೋಟಿಗಳ ಕಡೆಯದು. ಸಾಯತೊಡಗಿದ್ದು ಸಾವಿರಗಳ ಕಡೆಯದು.

ಮೊದಲು ಪಾಸಮ್ ಬಗ್ಗೆ ಸ್ವಲ್ಪ. ನಮಗೆ ಹೊಟ್ಟೆಚೀಲದ ಪ್ರಾಣಿ ಅಂದರೆ ಕಾಂಗರೂ ಒಂದೇ ನೆನಪಾಗುತ್ತದೆ. ಇದು ಅದೇ ಬಳಗದ ಬಲು ಚಿಕ್ಕ ಸದಸ್ಯ. ತೂಕ ಸುಮಾರು 45 ಗ್ರಾಂ. ನಮ್ಮ ಇಂಡಿ ತಾಲ್ಲೂಕಿನ ಒಂದು ದಪ್ಪ ನಿಂಬೆಹಣ್ಣಿಗೆ ಕಣ್ಣು, ಕಿವಿ, ಉದ್ದ ಬಾಲ ಅಂಟಿಸಿದರೆ ಹೆಚ್ಚು ಕಡಿಮೆ ಅಷ್ಟೇ. ಹೆಣ್ಣಿನ ಹೊಟ್ಟೆಯ ಮೇಲೆ ಒಂದು ಕಿಸೆ, ಅದರಲ್ಲಿ ನಾಲ್ಕು ಮೊಲೆ. ಹಾಗಾಗಿ ಒಂದು ಸಲಕ್ಕೆ ಉಳಿಯುವುದು ಹೆಚ್ಚೆಂದರೆ ನಾಲ್ಕು ಮರಿ.

ಇದರ ಕಥೆಯೇ ವಿಚಿತ್ರ. 1895ರಲ್ಲಿ ರಾಬರ್ಟ್ ಬ್ರೂಮ್ ಅನ್ನುವ ವಿಜ್ಞಾನಿ ನ್ಯೂ ಸೌತ್ ವೇಲ್ಸ್‌ನ ವೊಂಬೆಯನ್ ಗುಹೆಗಳ ಹತ್ತಿರ ಸಿಕ್ಕ ಹಳೆಯ ಎಲುಬು ನೋಡಿ ಇದಕ್ಕೆ ಹೆಸರಿಟ್ಟ. ಎಂದೋ ಅಳಿದುಹೋದ ಪ್ರಾಣಿ ಅಂತಲೇ ಎಲ್ಲರೂ ತಿಳಿದಿದ್ದರು. 1966ರಲ್ಲಿ ಪಕ್ಕದ ವಿಕ್ಟೋರಿಯ ರಾಜ್ಯದ ಮೌಂಟ್ ಹೋಥಮ್‌ನಲ್ಲಿ, ಹಿಮದ ಮೇಲೆ ಜಾರಾಡಲು ಬಂದವರು ತಂಗುವ ಮನೆಯೊಳಗೆ ಒಂದು ಜೀವಂತ ಸಿಕ್ಕಿತು. ಎಪ್ಪತ್ತೊಂದು ವರ್ಷ ಪುಸ್ತಕದಲ್ಲಿ ಸತ್ತಿದ್ದ ಪ್ರಾಣಿ ನಡೆದುಕೊಂಡು ಮನೆಯೊಳಗೆ ಬಂದಿತ್ತು.

ಈಗ ಇವು ಉಳಿದಿರುವುದು ಮೂರೇ ಕಡೆ: ಕೊಸಿಯಸ್ಕೊ ಬೆಟ್ಟಗಳು, ಮೌಂಟ್ ಹೋಥಮ್ ಮತ್ತು ಮೌಂಟ್ ಬೋಗೋಂಗ್ ಸುತ್ತಮುತ್ತ, ಮತ್ತೆ ಮೌಂಟ್ ಬುಲರ್. ದೊಡ್ಡ ದೊಡ್ಡ ಬಂಡೆಗಳು ಒಂದರ ಮೇಲೊಂದು ಉರುಳಿ ಬಿದ್ದ ಇಳಿಜಾರುಗಳೇ ಇವುಗಳ ಮನೆ. ಬಾದಾಮಿಯ ಬೆಟ್ಟದ ಬುಡದಲ್ಲಿ ಬಿದ್ದಿರುವ ಗುಂಡುಗಳ ಸಂದಿಯನ್ನು ನೆನೆಸಿಕೊಳ್ಳಿ, ಮೇಲೆ ಒಂದಾಳು ಹಿಮ ಹಾಕಿ. ಆ ಹಿಮದ ಕೆಳಗೆ ಇದು ವರ್ಷದಲ್ಲಿ ಐದರಿಂದ ಏಳು ತಿಂಗಳು ನಿದ್ದೆ ಹೊಡೆಯುತ್ತದೆ. ಮೈಯ ಬಿಸಿ ಎರಡು ಡಿಗ್ರಿಯ ತನಕ ಇಳಿಯುತ್ತದೆ. ಹಿಮ ಅಂದರೆ ನಮಗೆ ಚಳಿ. ಪಾಸಮ್‌ಗೆ ಅದು ಕೌದಿ. ಹಿಮ ದಪ್ಪ ಇದ್ದರೆ ಅದರ ಕೆಳಗೆ ಗಾಳಿಯ ಕೊರೆತ ತಾಗುವುದಿಲ್ಲ. ತೆಳ್ಳಗಾದರೆ ಚಳಿ ಒಳಗೆ ಇಳಿಯುತ್ತದೆ, ಪ್ರಾಣಿ ಮತ್ತೆ ಮತ್ತೆ ಎಚ್ಚರಗೊಂಡು ಕೂಡಿಟ್ಟ ಕೊಬ್ಬನ್ನು ಸುಟ್ಟುಕೊಳ್ಳುತ್ತದೆ.

ಸೆಪ್ಟೆಂಬರ್ ಸುಮಾರಿಗೆ ಏಳುತ್ತದೆ. ಅಲ್ಲಿಗೆ ಅದು ವಸಂತ. ಹೊಟ್ಟೆ ಖಾಲಿ, ಮೈಯಲ್ಲಿ ಎಲುಬು. ಹಾಗಿದ್ದೂ ಎದ್ದ ಕೂಡಲೇ ಸಂಸಾರದ ಕೆಲಸ. ಹಿಮ ಮತ್ತೆ ಬೀಳುವುದರೊಳಗೆ ಮರಿ ಹಾಕಿ, ಹಾಲು ಕುಡಿಸಿ, ಬೆಳೆಸಿ, ತಾನೂ ದಪ್ಪ ಆಗಬೇಕು. ಬೆಟ್ಟದ ಪ್ಲಮ್-ಪೈನ್ ಗಿಡದ ಹಣ್ಣು ಮತ್ತು ಬೀಜ ಸಿಗುವುದು ಮುಂದೆ, ಬೇಸಿಗೆಯ ಕೊನೆಗೆ. ವಸಂತದಲ್ಲಿ ಆ ಬಂಡೆಗಳ ನಡುವೆ ತಿನ್ನಲು ಏನಿದೆ?

ಪತಂಗ ಇದೆ. ಸರಿಯಾಗಿ ಅದೇ ಹೊತ್ತಿಗೆ ಕೋಟಿಗಟ್ಟಲೆ ಪತಂಗ ಬಂದಿಳಿಯುತ್ತವೆ.

ಬೋಗೋಂಗ್ ಹುಟ್ಟುವುದು ಬೆಟ್ಟದಲ್ಲಲ್ಲ, ಬಯಲಿನಲ್ಲಿ. ಕ್ವೀನ್ಸ್‌ಲೆಂಡ್‌ನ ದಕ್ಷಿಣ ಭಾಗ, ನ್ಯೂ ಸೌತ್ ವೇಲ್ಸ್‌ನ ಪಶ್ಚಿಮದ ಬಯಲು. ಅಲ್ಲಿನ ಮಣ್ಣು ಬಹುಪಾಲು ನಮ್ಮ ಎರೆಯ ಜಾತಿಯದೇ: ಮಳೆಗೆ ಉಬ್ಬಿ, ಬಿಸಿಲಿಗೆ ಬಿರುಕು ಬಿಟ್ಟು, ಮೇಲಿನದು ತಾನಾಗಿ ಪುಡಿಯಾಗಿ ಬಿರುಕಿನೊಳಗೆ ಬೀಳುವ ಕಪ್ಪು ಮಣ್ಣು. ಅಲ್ಲಿನ ಬೆಳೆಗಳ ಹೆಸರು ಕೇಳಿದರೆ ನಮ್ಮ ಹಿಂಗಾರಿಯ ಪಟ್ಟಿ ಓದಿದ ಹಾಗಿರುತ್ತದೆ: ಗೋಧಿ, ಜೋಳ, ಹತ್ತಿ, ಕಡಲೆ. ಕಡಲೆಯ ವಿಷಯದಲ್ಲಂತೂ ನಂಟು ಇನ್ನೂ ಹತ್ತಿರದ್ದು. ಅಲ್ಲಿ ಬೆಳೆದ ದೇಸಿ ಕಡಲೆಗೆ ನಮ್ಮ ದೇಶವೇ ದೊಡ್ಡ ಗಿರಾಕಿ. 2017ರ ಕೊನೆಗೆ ಆಮದು ಸುಂಕ ಹಾಕಲು ಶುರು ಮಾಡಿ 2018ರ ಮಾರ್ಚ್‌ಗೆ ಅದನ್ನು ಶೇಕಡ 60ಕ್ಕೆ ಏರಿಸಿದರು. 2024ರ ಮೇನಲ್ಲಿ ಪೂರ್ತಿ ತೆಗೆದರು. 2025ರ ಏಪ್ರಿಲ್‌ನಿಂದ ಶೇಕಡ 10. ಕಾಕಾನಿಗೆ ಆಸ್ಟ್ರೇಲಿಯ ಗೊತ್ತಿರುವುದೇ ಈ ಲೆಕ್ಕದಲ್ಲಿ. “ಅವರ ಕಡ್ಲಿ ಬಂದ್ರ ನಮ್ಮ ರೇಟ್ ಬೀಳ್ತದ,” ಅಷ್ಟೇ ಅವರ ಆಸ್ಟ್ರೇಲಿಯ. ಅಲ್ಲಿನ ಹೊಲದಲ್ಲೂ ಇದೇ ಕೀಡೆಯ ಅಣ್ಣತಮ್ಮ ಇದೆ ಅಂದಾಗ ಮಾತ್ರ ಸ್ವಲ್ಪ ಖುಷಿಯಾದ ಹಾಗೆ ಕಂಡಿತು.

ಅಲ್ಲಿನ ಚಳಿಗಾಲದಲ್ಲಿ, ಅಂದರೆ ನಮ್ಮ ಮುಂಗಾರಿನ ತಿಂಗಳುಗಳಲ್ಲಿ, ಕೀಡೆ ಸಸಿ ಮತ್ತು ಕಳೆ ತಿಂದು ಬೆಳೆಯುತ್ತದೆ. ವಸಂತಕ್ಕೆ ಪತಂಗವಾಗಿ ಹೊರಬರುತ್ತದೆ. ಬಯಲಿನ ಬೇಸಿಗೆ ಅದಕ್ಕೆ ಆಗಿಬರುವುದಿಲ್ಲ, ತಂಪು ಹುಡುಕಿ ಬೆಟ್ಟಕ್ಕೆ ಹೊರಡುತ್ತದೆ. ರಾತ್ರಿ ಹಾರಾಟ, ಸಾವಿರ ಕಿಲೋಮೀಟರ್ ತನಕ. ವಿಜಯಪುರದಿಂದ ಕನ್ಯಾಕುಮಾರಿಗೆ ಹಕ್ಕಿ ಹಾರಿದ ಹಾಗೆ ನೇರ ಗೆರೆ ಎಳೆದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಹಾರುವುದು ಗ್ರಾಮಿನ ಮೂರನೇ ಒಂದು ಭಾಗದಷ್ಟು ತೂಗುವ ಹುಳ.

ನಮ್ಮ ಕಡೆಯಿಂದ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುತ್ತಾರಲ್ಲ, ನಾನೂರು ಕಿಲೋಮೀಟರಿಗೂ ಜಾಸ್ತಿ. ಅಲ್ಲಿ ಮುಂದೆ ಕಂಬಿ ಇರುತ್ತದೆ, ಹತ್ತು ಸಲ ಹೋಗಿಬಂದ ಹಿರಿಯರು ಇರುತ್ತಾರೆ, ದಾರಿಯುದ್ದಕ್ಕೂ ಮಜ್ಜಿಗೆ ಕೊಡುವವರು ಇರುತ್ತಾರೆ. ಪತಂಗಕ್ಕೆ ಯಾರೂ ಇಲ್ಲ. ಹೋದ ವರ್ಷ ಹೋಗಿದ್ದ ಅಪ್ಪ ಅಮ್ಮ ಸತ್ತಿವೆ. ಪ್ರತಿಯೊಂದೂ ಹೊಸ ಯಾತ್ರಿಕ.

ಹಾಗಾದರೆ ದಾರಿ ತಿಳಿಯುವುದು ಹೇಗೆ? ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎರಿಕ್ ವಾರಂಟ್ ಮತ್ತು ಅವರ ಜೊತೆಯವರು ಇದರ ಬೆನ್ನು ಬಿದ್ದಿದ್ದಾರೆ. ಭೂಮಿಯ ಕಾಂತಶಕ್ತಿಯನ್ನು ಪತಂಗ ಗ್ರಹಿಸುತ್ತದೆ ಅಂತ 2018ರಲ್ಲಿ ತೋರಿಸಿದರು. 2025ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು ಇನ್ನೂ ಸ್ವಾರಸ್ಯದ್ದು. ಪತಂಗದ ಬೆನ್ನಿಗೆ ಸಣ್ಣ ಕಡ್ಡಿ ಅಂಟಿಸಿ, ಒಂದೇ ಜಾಗದಲ್ಲಿ ಹಾರುವ ಹಾಗೆ ಮಾಡಿ, ತಲೆಯ ಮೇಲೆ ನಕಲಿ ಆಕಾಶ ಮೂಡಿಸಿದರು. ಕಾಂತಶಕ್ತಿ ತಾಗದ ಹಾಗೆ ನೋಡಿಕೊಂಡರು. ಪತಂಗ ಸರಿಯಾದ ದಿಕ್ಕಿಗೆ ಮುಖ ಮಾಡಿತು. ಆಕಾಶವನ್ನು ಅರ್ಧ ಸುತ್ತು ತಿರುಗಿಸಿದರೆ ಅದೂ ತಿರುಗಿತು. ಅದೇ ನಕ್ಷತ್ರಗಳನ್ನು ಎಲ್ಲೆಂದರಲ್ಲಿ ಚೆಲ್ಲಿದ ಹಾಗೆ ಕಲಸಿ ತೋರಿಸಿದರೆ ದಿಕ್ಕು ತಪ್ಪಿತು. ಹಕ್ಕಿಗಳಿಗೆ ಈ ವಿದ್ಯೆ ಇದೆ ಅಂತ ಮೊದಲೇ ಗೊತ್ತಿತ್ತು. ನಕ್ಷತ್ರ ನೋಡಿ ಇಷ್ಟು ದೂರದ ದಾರಿ ಹಿಡಿಯುವ ಹುಳ ಸಿಕ್ಕಿದ್ದು ಇದೇ ಮೊದಲು.

ಬೆಟ್ಟ ಮುಟ್ಟಿದ ಮೇಲೆ ಗುಹೆ ಮತ್ತು ಬಂಡೆಯ ಬಿರುಕುಗಳಲ್ಲಿ ಸೇರಿಕೊಂಡು ಬೇಸಿಗೆ ಮುಗಿಯುವ ತನಕ ಮಲಗುತ್ತವೆ. ಒಂದರ ರೆಕ್ಕೆಯ ಕೆಳಗೆ ಇನ್ನೊಂದು ತಲೆ ತೂರಿಸಿ, ಖಾನಾಪುರದ ಹೆಂಚು ಹೊದಿಸಿದ ಮಾಡಿನ ಹಾಗೆ ಕಲ್ಲನ್ನೇ ಮುಚ್ಚಿಬಿಡುತ್ತವೆ. ಒಂದು ಚದರ ಮೀಟರಿಗೆ 17,000 ಪತಂಗ. ನಾನೇ ಗುಣಿಸಿ ನೋಡಿದೆ, ಐದೂವರೆ ಕಿಲೋ ದಾಟಿತು. ಒಂದು ಬಾಗಿಲಿನಷ್ಟು ದೊಡ್ಡ ಕಲ್ಲಿನ ಮೇಲೆ ಹತ್ತು ಕಿಲೋಗೂ ಜಾಸ್ತಿ ತಿನಿಸು. ಅದೂ ಎಂಥದ್ದು! ಪತಂಗದ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬು. ಬಾಣಂತಿಗೆ ಮಾಡಿಕೊಡುವ ಅಂಟಿನ ಉಂಡೆಯ ಕೆಲಸವನ್ನು ಅಲ್ಲಿ ಈ ಹುಳ ಮಾಡುತ್ತದೆ ಅಂದುಕೊಳ್ಳಿ.

ಮನುಷ್ಯರೂ ಬಿಟ್ಟಿರಲಿಲ್ಲ. ಆಸ್ಟ್ರೇಲಿಯದ ಮೂಲನಿವಾಸಿಗಳು ಬೇಸಿಗೆಗೆ ದೂರದೂರದಿಂದ ಬೆಟ್ಟಕ್ಕೆ ಬಂದು ಸೇರಿ ಪತಂಗ ಹುರಿದು ತಿನ್ನುತ್ತಿದ್ದರು. ಒಂದು ಥರ ಜಾತ್ರೆಯೇ. ವಿಕ್ಟೋರಿಯದ ಕ್ಲಾಗ್ಸ್ ಗುಹೆಯಲ್ಲಿ ಸಿಕ್ಕ ಸುಮಾರು 2,000 ವರ್ಷ ಹಳೆಯ ಅರೆಯುವ ಕಲ್ಲಿನಲ್ಲಿ ಪತಂಗದ ಚೂರುಗಳು ಅಂಟಿಕೊಂಡಿದ್ದವು. ಬೋಗೋಂಗ್ ಅನ್ನುವ ಪದವೂ ಅವರದೇ. ವಿಕ್ಟೋರಿಯದ ಎಲ್ಲಕ್ಕಿಂತ ಎತ್ತರದ ಬೆಟ್ಟಕ್ಕೆ ಈ ಹುಳದ ಹೆಸರು ಬಿದ್ದಿದೆ. ಹುಳದ ಹೆಸರನ್ನು ಬೆಟ್ಟಕ್ಕೆ ಇಡುವ ಜನಕ್ಕೆ ಅದರ ಬೆಲೆ ಗೊತ್ತಿತ್ತು ಅಂತ ನನ್ನ ಲೆಕ್ಕ.

ಇನ್ನು ಕುಸಿತ. ಗುಹೆಗಳಲ್ಲಿ ಪತಂಗ ಸಣ್ಣಗೆ ಕಡಿಮೆಯಾಗುತ್ತಿದ್ದದ್ದು 1980ರ ದಶಕದಿಂದಲೇ ಕಾಣುತ್ತಿತ್ತು. 2017ರಲ್ಲಿ ಬರ ಶುರುವಾಯಿತು, 2019ರ ತನಕ ಬಿಡಲಿಲ್ಲ. ಬಯಲಿನಲ್ಲಿ ಹಸಿರೇ ಇಲ್ಲ. ಕೀಡೆ ತಿನ್ನುವುದೇನು? ಎರಡು ವರ್ಷದಲ್ಲಿ, ಎಣಿಕೆ ನಡೆಯುತ್ತಿದ್ದ ಗುಹೆಗಳಲ್ಲಿ ಪತಂಗ ಶೇಕಡ 99.5ರಷ್ಟು ಇಳಿದುಹೋಯಿತು. ಚದರ ಮೀಟರಿಗೆ 17,000 ಇದ್ದ ಕಡೆ 85 ಉಳಿದ ಹಾಗೆ. 2018ರ ವಸಂತದಲ್ಲಿ ವಿಕ್ಟೋರಿಯದಲ್ಲಿ ಪಾಸಮ್‌ಗಳನ್ನು ಹಿಡಿದು ನೋಡಿದವರಿಗೆ ಕಂಡದ್ದು ಖಾಲಿ ಕಿಸೆಗಳು. ಕೆಲವು ಜಾಗಗಳಲ್ಲಿ ನೂರಕ್ಕೆ ತೊಂಬತ್ತೈದು ತಾಯಂದಿರು ಎಲ್ಲ ಮರಿಗಳನ್ನೂ ಕಳೆದುಕೊಂಡಿದ್ದವು. ತಾಯಿ ಸತ್ತಿರಲಿಲ್ಲ. ಹಾಲು ಬತ್ತಿತ್ತು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. 200 ಕೋಟಿಯಲ್ಲಿ ಶೇಕಡ 99.5 ಹೋದರೂ ಉಳಿಯುವುದು ಒಂದು ಕೋಟಿ. 2,000 ಪಾಸಮ್‌ಗೆ ಒಂದು ಕೋಟಿ ಪತಂಗ. ತಲೆಗೆ 5,000. ಸಾಲದೇ ಅಂತ ಯಾರಾದರೂ ಕೇಳಬಹುದು. ಕಾಗದದ ಮೇಲೆ ಸಾಕು, ಬಂಡೆಯ ಮೇಲೆ ಸಾಲದು. ಪಾಸಮ್‌ಗೆ ಬೇಕಾದ್ದು ಮೂಗಿನ ಮುಂದೆ ರಾಶಿ ಬಿದ್ದ ಹುಳ. ಸಾವಿರಾರು ಬಿರುಕುಗಳಲ್ಲಿ ಅಲ್ಲೊಂದು ಇಲ್ಲೊಂದು ಅಡಗಿ ಕೂತ ಹುಳವನ್ನು ಹುಡುಕಲು ಓಡಾಡಿದರೆ, ತಿಂದು ಬರುವ ಶಕ್ತಿಗಿಂತ ಓಡಾಟಕ್ಕೆ ಹೋಗುವ ಶಕ್ತಿ ಜಾಸ್ತಿ. ಒಂದು ಹಿಡಿ ಕಾಳು ಹತ್ತು ಎಕರೆಯಲ್ಲಿ ಚೆಲ್ಲಿದೆ, ಆರಿಸಿ ತಿನ್ನು ಅಂದ ಹಾಗೆ. ಮೇಲಿಂದ ಹಕ್ಕಿಗಳೂ ಅದೇ ಹುಳಕ್ಕೆ ಕಾದಿರುತ್ತವೆ.

ನನಗೆ ಈ ಇಡೀ ಸಂಗತಿಯಲ್ಲಿ ಮುಖ್ಯ ಅನ್ನಿಸುವುದು ಇದೇ. ಪ್ರಾಣಿ ಉಳಿಸುವ ಮಾತು ಬಂದಾಗ ನಾವು ಕೇಳುವುದು “ಇದೆಯೋ, ಇಲ್ಲವೋ” ಅಂತ. ಹುಲಿ ಇದೆಯಾ? ಇದೆ. ಹದ್ದು ಇದೆಯಾ? ಇದೆ. ಹುಳದ ವಿಷಯದಲ್ಲಿ ಆ ಪ್ರಶ್ನೆಯೇ ತಪ್ಪು. ಹುಳದ ಕೆಲಸ ನಡೆಯುವುದು ಗುಂಪಿನಿಂದ. ಇದ್ದೂ ಕಡಿಮೆಯಾದರೆ, ಅದನ್ನು ನಂಬಿದವರ ಪಾಲಿಗೆ ಇಲ್ಲದ ಹಾಗೆಯೇ. 2021ರ ಡಿಸೆಂಬರ್‌ನಲ್ಲಿ ಬೋಗೋಂಗ್ ಪತಂಗವನ್ನು ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದಾಗ ಎಷ್ಟೋ ಜನಕ್ಕೆ ನಗು ಬಂದಿರಬೇಕು. ಮನೆಯೊಳಗೆ ನುಗ್ಗಿ ಕಾಟ ಕೊಡುತ್ತಿದ್ದ ಹುಳಕ್ಕೆ ರಕ್ಷಣೆಯೇ! ಅದೇ ಪಟ್ಟಿಯಲ್ಲಿ ಪಾಸಮ್ ಇನ್ನೂ ಒಂದು ಮೆಟ್ಟಿಲು ಕೆಳಗಿದೆ, ಅಳಿವಿನ ಅಂಚಿನಲ್ಲಿ. ಮುದ್ದು ಮುಖ ಅದಕ್ಕಿದೆ, ಫೋಟೊ ಅದರದ್ದೇ ಬರುತ್ತದೆ.

ಬರ ಒಂದೇ ಕಾರಣವೇ? ದೊಡ್ಡ ಪಾಲು ಅದರದ್ದೇ ಅಂತ ಕುಸಿತದ ಹೊತ್ತು ನೋಡಿದರೆ ಗೊತ್ತಾಗುತ್ತದೆ. ಮಳೆ ಮರಳಿದ ಮೇಲೆ ಪತಂಗಗಳು ಸ್ವಲ್ಪ ಚೇತರಿಸಿಕೊಂಡವು ಅನ್ನುವುದೂ ಅದನ್ನೇ ಹೇಳುತ್ತದೆ. ಬಯಲಿನಲ್ಲಿ ಒಕ್ಕಲುತನದ ರೀತಿ ಬದಲಾದದ್ದು, ಕೀಟನಾಶಕ, ಕಳೆನಾಶಕ, ಇವುಗಳ ಮೇಲೂ ಗುಮಾನಿ ಇದೆ. 2000ದ ಸುಮಾರಿಗೆ ಗುಹೆಯ ಬಾಯಲ್ಲಿ ಹುಲ್ಲು ಸತ್ತದ್ದನ್ನು ಕಂಡು ಪರೀಕ್ಷೆ ಮಾಡಿದಾಗ ಸತ್ತ ಪತಂಗಗಳ ರಾಶಿಯಿಂದ ಆರ್ಸೆನಿಕ್ ಇಳಿದಿತ್ತು. ಬಯಲಿನ ವಿಷವನ್ನು ಒಂದೊಂದು ಹುಳ ಒಂದೊಂದು ಚೂರು ಹೊತ್ತು ಬೆಟ್ಟಕ್ಕೆ ತಂದಿತ್ತು. ಹಾಗಂತ ರೈತನ ಮುಖ ನೋಡಿ “ಕೀಡೆ ಬಿಡು” ಅನ್ನಲು ನನಗೆ ಬಾಯಿ ಬರುವುದಿಲ್ಲ. ಕತ್ತರಿಸಿ ಬಿದ್ದ ಸಸಿಯ ಸಾಲು ನೋಡಿದವರಿಗೆ ಆ ಮಾತು ಹೇಳಲಾಗುವುದಿಲ್ಲ.

ಮತ್ತೆ ಹಿಮ. ಚಳಿಗಾಲ ಬಿಸಿಯಾದ ಹಾಗೆ ಹಿಮ ಬೇಗ ಕರಗುತ್ತದೆ, ಪಾಸಮ್ ಬೇಗ ಏಳುತ್ತದೆ. ಪತಂಗ ಹೊರಡುವುದು ಬಯಲಿನ ಲೆಕ್ಕದಲ್ಲಿ. ಬೆಟ್ಟದಲ್ಲಿ ಹಿಮ ಕರಗಿತೋ ಇಲ್ಲವೋ ಅದಕ್ಕೇನು ಗೊತ್ತು? ಪತಂಗದ ಸಂಖ್ಯೆ ಪೂರ್ತಿ ಸರಿಹೋದರೂ, ಊಟ ಬರುವ ಮೊದಲೇ ಎದ್ದು ಕೂತವನಿಗೆ ಹಸಿವು ತಪ್ಪುವುದಿಲ್ಲ.

2018 ಅಂದಾಗ ನಮ್ಮ ಕಡೆಯವರಿಗೆ ಬೇರೆ ಪತಂಗ ನೆನಪಾಗಬೇಕು. ಅಮೆರಿಕ ಮೂಲದ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ಆ ವರ್ಷದ ಮೇನಲ್ಲಿ, ಕರ್ನಾಟಕದ ಶಿವಮೊಗ್ಗದಲ್ಲಿ. ನೋಡನೋಡುತ್ತಲೇ ಗೋವಿನಜೋಳ ಇರುವ ಕಡೆಯೆಲ್ಲ ಹಬ್ಬಿತು. ಬಾಗಲಕೋಟೆ, ಬೆಳಗಾವಿಯ ಹೊಲಗಳಲ್ಲಿ ಸುಳಿಯೊಳಗೆ ಕೂತು ಎಲೆಯನ್ನು ಜರಡಿ ಮಾಡಿತು. ಅದೂ ಬೋಗೋಂಗ್ ಇರುವ ಕುಟುಂಬದ್ದೇ, ಅದೂ ರಾತ್ರಿ ದೂರ ಹಾರುವುದೇ. ಒಂದೇ ಮನೆತನದ ಎರಡು ಹುಳ: ಇಲ್ಲಿ ಒಂದು ಯಾಕಪ್ಪಾ ಬಂತು ಅಂತ ಗೋಳು, ಅಲ್ಲಿ ಇನ್ನೊಂದು ಯಾಕಪ್ಪಾ ಬರಲಿಲ್ಲ ಅಂತ ಗೋಳು. ಹುಳಗಳೆಲ್ಲ ಅಳಿಯುತ್ತಿವೆ ಅಂತಲೋ, ಹುಳಗಳೆಲ್ಲ ಹೆಚ್ಚಾಗಿವೆ ಅಂತಲೋ ಒಂದೇ ಮಾತಿನಲ್ಲಿ ಮುಗಿಸುವವರನ್ನು ನಾನು ನಂಬದೇ ಇರುವುದು ಇದಕ್ಕೇ.

ನಮ್ಮಲ್ಲಿ ಹೊಟ್ಟೆಚೀಲದ ಪ್ರಾಣಿ ಇಲ್ಲ. ಆದರೆ ಹುಳಗಳ ಗುಂಪನ್ನೇ ನಂಬಿದ, ಬಂಡೆಯ ಬಿರುಕಿನಲ್ಲಿ ಬದುಕುವ ಒಂದು ಪುಟ್ಟ ಪ್ರಾಣಿ ಬೆಳಗಾವಿ ಜಿಲ್ಲೆಯಲ್ಲೇ ಇದೆ. ಖಾನಾಪುರ ತಾಲ್ಲೂಕಿನ ತಳೇವಾಡಿ ಹತ್ತಿರ ಬಾರಾಪೇಡೆ ಗುಹೆ. ಅಲ್ಲಿರುವ ರೋಟನ್ ಬಾವಲಿಯನ್ನು ಜಗತ್ತಿಗೆ ಪರಿಚಯಿಸಿದ್ದು 1913ರಲ್ಲಿ. ಎಷ್ಟೋ ದಶಕ ಇಡೀ ಭೂಮಿಯ ಮೇಲೆ ಈ ಬಾವಲಿಯ ಗುಂಪು ಇರುವುದು ಇದೊಂದೇ ಗುಹೆಯಲ್ಲಿ ಅಂತ ನಂಬಿದ್ದರು. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯದಲ್ಲಿ ಸಿಕ್ಕಿತು. 2011ರಲ್ಲಿ ಭೀಮಗಡ ವನ್ಯಜೀವಿಧಾಮ ಆದಾಗ ಈ ಬಾವಲಿಯ ಹೆಸರು ಎಲ್ಲರ ಬಾಯಲ್ಲಿತ್ತು. ಸುಮಾರು 190 ಚದರ ಕಿಲೋಮೀಟರ್ ಕಾಡಿಗೆ ಬೇಲಿ ಸಿಕ್ಕಿತು. ಒಳ್ಳೆಯದೇ. ಗುಹೆಗೆ ಕಾವಲಿದೆ, ಬಾವಲಿಗೆ ಎಣಿಕೆ ಇದೆ. ಬಾವಲಿ ರಾತ್ರಿ ಆಕಾಶದಲ್ಲಿ ಹಿಡಿದು ತಿನ್ನುವ ಹುಳ ಎಷ್ಟಿವೆ, ಎಲ್ಲಿ ಹುಟ್ಟುತ್ತವೆ? ಹುಳಕ್ಕೆ ಅಭಯಾರಣ್ಯದ ಗೆರೆ ಗೊತ್ತಿಲ್ಲ. ಅದು ಯಾರದೋ ಭತ್ತದ ಗದ್ದೆಯಿಂದ, ಯಾರದೋ ಕಬ್ಬಿನ ಬದುವಿನಿಂದ ಎದ್ದು ಬಂದಿರಬಹುದು.

ಪಾಸಮ್ ಉಳಿಸಲು ಅಲ್ಲಿಯವರು ಮಾಡಿದ ಕೆಲಸಗಳನ್ನು ನೋಡಿದರೆ ಬೆರಗಾಗುತ್ತದೆ. ಮೌಂಟ್ ಹೋಥಮ್‌ನಲ್ಲಿ ಹೆಣ್ಣುಗಳು ಮೇಲೆ, ಗಂಡುಗಳು ಕೆಳಗೆ ಇರುವುದು ರೂಢಿ. ನಡುವೆ ರಸ್ತೆ ಬಂತು, ಗಂಡುಗಳಿಗೆ ದಾಟಲು ಆಗಲಿಲ್ಲ. 1980ರ ದಶಕದಲ್ಲಿ ರಸ್ತೆಯ ಕೆಳಗೆ ಕಲ್ಲು ತುಂಬಿದ ಸುರಂಗ ಮಾಡಿಕೊಟ್ಟರು. ಜನ ಅದಕ್ಕೆ ಪ್ರೇಮದ ಸುರಂಗ ಅಂತ ಹೆಸರಿಟ್ಟರು. ಮೌಂಟ್ ಬುಲರ್‌ನಲ್ಲಿ 1996ರಲ್ಲಿ 300ರಷ್ಟಿದ್ದದ್ದು ಹತ್ತು ವರ್ಷದಲ್ಲಿ 40ರ ಆಸುಪಾಸಿಗೆ ಇಳಿದಾಗ, 2011ರಲ್ಲಿ ಹೋಥಮ್‌ನಿಂದ ಗಂಡುಗಳನ್ನು ತಂದು ಬಿಟ್ಟರು. ಬೇರೆ ಊರಿನ ಬೀಗತನ ಬೆಳೆಸಿದ ಹಾಗೆ. ರಕ್ತ ಹೊಸದಾಯಿತು, ಸಂತಾನ ಏರಿತು. 2019-20ರ ಕಾಳ್ಗಿಚ್ಚಿನ ನಂತರ ಕೊಸಿಯಸ್ಕೊ ಬೆಟ್ಟಕ್ಕೆ ‘ಬೋಗೋಂಗ್ ಬಿಸ್ಕತ್ತು’ ಹೊತ್ತುಕೊಂಡು ಹೋದರು. ಪತಂಗದಲ್ಲಿರುವ ಸತ್ವ ಇರುವ ಹಾಗೆ ಮಾಡಿದ ತಿನಿಸು ಅದು. ಲಿಥ್‌ಗೋ ಊರಿನ ಹತ್ತಿರ ಮೈಕಲ್ ಆರ್ಚರ್ ಅನ್ನುವ ವಿಜ್ಞಾನಿಯ ನೇತೃತ್ವದ ತಂಡ ಇನ್ನೂ ದೊಡ್ಡ ಪಂದ್ಯ ಕಟ್ಟಿದೆ. ಇದರ ಪೂರ್ವಜರ ಪಳೆಯುಳಿಕೆಗಳು ಸಿಕ್ಕಿರುವುದು ತಗ್ಗಿನ ಮಳೆಕಾಡುಗಳಲ್ಲಿ. ಹಾಗಾಗಿ ಪಾಸಮ್ ಹಿಮವಿಲ್ಲದ ತಗ್ಗಿನಲ್ಲಿ ಬದುಕಲು ಕಲಿಯಬಹುದೇ ಅಂತ ಸಾಕಿ ನೋಡುತ್ತಿದ್ದಾರೆ.

ಎಲ್ಲವೂ ಸರಿ. ಒಂದು ವಿಷಯ ಗಮನಿಸಿ: ಇವೆಲ್ಲ 2,000ದ ಕಡೆಯ ಕೆಲಸಗಳು. ಎರಡು ಸಾವಿರಕ್ಕೆ ಸುರಂಗ ಮಾಡಬಹುದು, ಬಿಸ್ಕತ್ತು ಕೊಡಬಹುದು, ಗಂಡು ಹುಡುಕಬಹುದು. 200 ಕೋಟಿಗೆ ಬಿಸ್ಕತ್ತು ಮಾಡುವವರು ಯಾರು? ಅಲ್ಲಿ ಬೇಕಾದ್ದು ಮಳೆ, ಬದುವಿನ ಕಳೆ, ಕತ್ತಲು.

ಈ ಕೊನೆಯದೊಂದು ಮಾತ್ರ ನಮ್ಮ ಕೈಯಲ್ಲಿದೆ. ಪತಂಗಗಳ ದಾರಿಯಲ್ಲಿ ಕ್ಯಾನ್‌ಬೆರಾ ಬರುತ್ತದೆ. ಅಲ್ಲಿನ ಸಂಸತ್ ಭವನದ ದೀಪಗಳಿಗೆ ಮರುಳಾಗಿ ನಿಂತುಬಿಡುವ ಪತಂಗಗಳ ಸುದ್ದಿ ವರ್ಷ ವರ್ಷವೂ ಆಗುತ್ತಿತ್ತು. 2000ದ ಸಿಡ್ನಿ ಒಲಿಂಪಿಕ್ಸ್‌ನ ಮುಕ್ತಾಯದ ದಿನ ಹಾಡುತ್ತಿದ್ದ ಗಾಯಕಿಯ ಉಡುಪಿನ ಮೇಲೇ ಒಂದು ಬಂದು ಕೂತಿತ್ತು. ವಿಕ್ಟೋರಿಯದ ಮೃಗಾಲಯದವರು ಈಗ ವಸಂತದಲ್ಲಿ ‘ಪತಂಗಕ್ಕಾಗಿ ದೀಪ ಆರಿಸಿ’ ಅಂತ ಜನರನ್ನು ಕೇಳುತ್ತಾರೆ. ಕಂಡ ಪತಂಗದ ಫೋಟೊ ಕಳಿಸಿ ಅನ್ನುತ್ತಾರೆ. ದೀಪ ಆರಿಸಿದರೆ ಬರ ನಿಲ್ಲುವುದಿಲ್ಲ, ನಿಜ. ಆದರೆ ಇದ್ದಬದ್ದ ಪತಂಗವಾದರೂ ದಾರಿ ತಪ್ಪದೆ ಹೋಗುತ್ತದೆ. ಖರ್ಚೂ ಇಲ್ಲ, ಉಳಿತಾಯವೇ. ನಮ್ಮಲ್ಲೂ ಸುವರ್ಣ ವಿಧಾನಸೌಧ ಇದೆ, ಗೋಲಗುಮ್ಮಟ ಇದೆ, ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿಯಿಡೀ ಉರಿಯುವ ಫ್ಯಾಕ್ಟರಿಗಳಿವೆ. ಅಲ್ಲಿ ಬೆಳಗ್ಗೆ ಕಸ ಗುಡಿಸುವವರನ್ನು ಕೇಳಿ ನೋಡಿ, ಮೊರದಲ್ಲಿ ಏನೇನು ಬರುತ್ತದೆ ಅಂತ.

ಅವತ್ತು ರಾತ್ರಿ ಕಾಕಾನ ದನದ ಕೊಟ್ಟಿಗೆಯಲ್ಲಿ ಇದನ್ನೆಲ್ಲ ಹೇಳುತ್ತಾ ಕೂತಿದ್ದೆ. ತಲೆಯ ಮೇಲೆ ಎಲ್ಇಡಿ ಬಲ್ಬು, ಅದರ ಸುತ್ತ ಹುಳ. ಕಾಕಾ ಎಮ್ಮೆ ಹಿಂಡುತ್ತಿದ್ದರು. ಒಂದು ಪತಂಗ ಚರಗಿಯೊಳಗೆ ಬಿತ್ತು. ಬೆರಳಿಂದ ತೆಗೆದು ಎಸೆದು, “ಆ ಲೈಟ್ ಆರಸು, ಹಾಲಾಗ ಬೀಳ್ತಾವ. ಹಿಂಡಾಕ ನನಗ ಬೆಳಕ ಬೇಕಿಲ್ಲ,” ಅಂದರು. ಆರಿಸುವ ಮೊದಲು ಗೋಡೆಯ ಮೇಲಿನವನ್ನು ಎಣಿಸೋಣ ಅಂತ ಮೊಬೈಲ್ ಹಿಡಿದು ನಿಂತೆ. ಸಣ್ಣವು, ದೊಡ್ಡವು, ಬೂದಿ, ಕಂದು. ನಲವತ್ತೊಂದಕ್ಕೆ ಬಂದಿದ್ದೆ. ಬಲ್ಬಿನ ಹಿಂದಿನಿಂದ ಹಲ್ಲಿ ಬಂದು ಒಂದನ್ನು ಹಿಡಿದುಕೊಂಡು ಹೋಯಿತು.

“ನಲವತ್ತು ಅಂತ ಬರ್ಕೊ,” ಅಂದರು ಕಾಕಾ, ಎಮ್ಮೆಯ ಹೊಟ್ಟೆಗೆ ತಲೆ ಆನಿಸಿಕೊಂಡೇ.